ಆಲಿಕಲ್ಲಿನ ಮೇಲಿನ ಬಣ್ಣ

ಉಪ್ಪುಕಾಗದ ಮತ್ತೆ ಮೆತ್ತಿಕೊಂಡಿತು.

ವೆಲ್ಕೊ ಅದನ್ನು ಬಕೆಟ್ಟಿನ ನೀರಿಗೆ ಅದ್ದಿ ಹೆಬ್ಬೆರಳಿನಿಂದ ತಿಕ್ಕಿ ತೊಳೆದ. ಕಾರಿನ ಬಿಳಿ ಬಣ್ಣ ಪುಡಿಯಾಗಿ ಉದುರುವ ಬದಲು, ಜಗಿದು ಉಗಿದ ಗಮ್ಮಿನ ಹಾಗೆ ಉಂಡೆಗಟ್ಟಿ ಕೈಗೆ ಬರುತ್ತಿತ್ತು.

“ಕಾರು ಮಾರುವಾಗ ಐದು ವರ್ಷದ ಹಿಂದಿನ ಬಣ್ಣ ಅಂದಿದ್ದ ಆ ಗೆಂಚೊ,” ಎಂದ.

ಬೇಲಿಯಾಚೆ ನಿಂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ಪಕ್ಕದ ಮನೆಯ ತ್ಸಾನೊ ಚಿಕ್ಕಪ್ಪ ಸಿಪ್ಪೆ ಉಗುಳಿದ. “ಐದು ವರ್ಷದ್ದಾಗಿದ್ದರೆ ಕಲ್ಲಾಗಿರ್ತಿತ್ತು ಮಗಾ. ಇದಿನ್ನೂ ಮೊಲೆಹಾಲು ಬಿಡದ ಕೂಸು. ಪೊಲೀಸಿನವನಿಗೇ ಟೋಪಿ ಹಾಕಿದಾನಲ್ಲ, ಅವನ ಧೈರ್ಯಕ್ಕೆ ಒಂದು ಗ್ಲಾಸು ಕುಡೀಬೇಕು.”

“ನೀನು ಯಾವುದಕ್ಕೆ ಕುಡಿಯಲ್ಲ ಹೇಳು.”

“ನಿನ್ನ ಸಂಬಳಕ್ಕೆ. ಅದಕ್ಕೆ ಕುಡಿಯೋಕೆ ಹೋದರೆ ಗ್ಲಾಸಿನ ತಳವೂ ಒದ್ದೆಯಾಗಲ್ಲ.”

ವೆಲ್ಕೊ ನಕ್ಕ. ಬಣ್ಣ ಹಾರಿಸುವ ಕಂಪ್ರೆಸರ್ ತ್ಸಾನೊನದೇ ಆದ್ದರಿಂದ ನಗಲೇಬೇಕಿತ್ತು. ತ್ಸಾನೊ ಫ್ರಿಜ್ ರಿಪೇರಿ ಮಾಡಿಕೊಂಡು ಬದುಕಿದವನು. ಎರಡು ಹಳೆಯ ಫ್ರಿಜ್ಜುಗಳ ಮೋಟಾರು, ಒಂದು ತುಕ್ಕು ಹಿಡಿದ ಗ್ಯಾಸ್ ಸಿಲಿಂಡರು, ಟ್ರ್ಯಾಕ್ಟರಿನಿಂದ ಕಿತ್ತ ಮಾಪಕ ಸೇರಿಸಿ ಅದನ್ನು ಕಟ್ಟಿದ್ದ. ಶೆಡ್ಡು ವೆಲ್ಕೊನದು. ನಾಲ್ಕು ಕಂಬ, ಮೇಲೆ ತಗಡು, ಸುತ್ತಲೂ ಮೆಣಸಿನ ಸಸಿಗಳ ಮೇಲಿಂದ ಕಳಚಿ ತಂದ ಹಸಿರುಮನೆಯ ಪ್ಲಾಸ್ಟಿಕ್ಕು. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದ. ಕಾರಿನ ಗಾಜುಗಳಿಗೆ ಹಳೆಯ ದಿನಪತ್ರಿಕೆ ಅಂಟಿಸಿದ್ದ. ಬಣ್ಣದ ಕೆಳಗೆ ಬಳಿಯುವ ಪ್ರೈಮರ್ ಸೋಸಲು ಹೆಂಗಸರ ನೈಲಾನ್ ಕಾಲುಚೀಲ ಕೊಂಡಾಗ ಅಂಗಡಿಯವಳು ಕಣ್ಣು ಹೊಡೆದಿದ್ದಳು. ಗ್ಯಾರೇಜಿಗೆ ಕೊಟ್ಟರೆ ಕಾರಿಗಿಂತ ಬಣ್ಣದ್ದೇ ಹೆಚ್ಚಾಗುತ್ತಿತ್ತು. ಊರಿನಲ್ಲಿ ಎಲ್ಲರೂ ಹೀಗೇ ಬಳಿದುಕೊಳ್ಳುತ್ತಿದ್ದರು.

ಪ್ಲಾಸ್ಟಿಕ್ ಗೋಡೆಯಲ್ಲಿ ಮಾತು ನಿಲ್ಲುವುದಿಲ್ಲ. ಆದರೆ ತ್ಸಾನೊನಿಂದ ಮುಚ್ಚಿಡುವಂಥದ್ದು ವೆಲ್ಕೊನಿಗೆ ಏನೂ ಇರಲಿಲ್ಲ. ಬೇಲಿಯ ಅಗಲವಾದ ಕಂಬದ ಮೇಲೆ ಎರಡು ಗ್ಲಾಸು ಇಡುವಷ್ಟು ಜಾಗವಿತ್ತು. ಒಂಟಿಯಾಗಿದ್ದ ವೆಲ್ಕೊ ಠಾಣೆಯ ಭಾರ ಇಳಿಸುತ್ತಿದ್ದದ್ದು ಅಲ್ಲೇ.

ಬಣ್ಣ ಬಳಿಯುವುದನ್ನು ಅವನಿಗೆ ಕಲಿಸಿದವನು ಗೆಳೆಯ ಜಹಾರಿ. ಕದ್ದ ಕಾರುಗಳಿಗೆ ಬಣ್ಣ ಬದಲಿಸುವ ಗುಂಪಿನ ವಿರುದ್ಧ ಸಾಕ್ಷಿ ಹೇಳಲು ಒಪ್ಪಿಕೊಂಡ ಅದೇ ಜಹಾರಿ ಹೋದ ವರ್ಷ ಫೆಬ್ರವರಿಯಲ್ಲಿ ಕಾಣೆಯಾಗಿದ್ದ. ಏಪ್ರಿಲ್‌ನಲ್ಲಿ ಡ್ಯಾನ್ಯೂಬ್ ಹೊಳೆ ಒಂದು ಹೆಣವನ್ನು ದಡಕ್ಕೆ ತಂದು ಹಾಕಿತು. ಮುಖ ಉಳಿದಿರಲಿಲ್ಲ. ಜಾಕೆಟ್ ನೋಡಿ, ಇವನೇ ಎಂದು ರುಜು ಹಾಕಿದವನು ಇನ್‌ಸ್ಪೆಕ್ಟರ್ ವೆಲ್ಕೊ.

ಜಹಾರಿಯ ಹೆಂಡತಿ ನೆವೆನಾ ಹೋದ ವಾರ ತಲೆಗೆ ಶೋಕಕ್ಕೆಂದು ಕಟ್ಟಿದ್ದ ಕಪ್ಪು ವಸ್ತ್ರ ತೆಗೆದಿದ್ದಳು. ವರ್ಷ ತುಂಬಿತ್ತು. “ಕಾರಿಗೆ ಬಣ್ಣ ಆಗಲಿ. ಸಮುದ್ರಕ್ಕೆ ಹೋಗೋಣ. ನಿನ್ನ ಮದುವೆ ಮಾತಿಗೆ ಉತ್ತರ ಅಲ್ಲಿ ಹೇಳ್ತೀನಿ,” ಎಂದಿದ್ದಳು. ತಿಳಿನೀಲಿ ಬಣ್ಣ ಆರಿಸಿದವಳೂ ಅವಳೇ.

ಅದಕ್ಕೇ ವೆಲ್ಕೊ ಭಾನುವಾರ ಬೆಳಗ್ಗೆಯಿಂದ ಉಜ್ಜುತ್ತಿದ್ದ.

ಉಜ್ಜುವ ಮೊದಲು ಅಗ್ಗದ ಕಪ್ಪು ಸ್ಪ್ರೇಯನ್ನು ಕಾರಿನ ಮೇಲೆ ಮಂಜಿನ ಹಾಗೆ ತೆಳ್ಳಗೆ ಹಾರಿಸಿದ್ದ. ಇದೂ ಜಹಾರಿಯ ಪಾಠವೇ. ಉಬ್ಬಿದ ಕಡೆ ಕಪ್ಪು ಬೇಗ ಹೋಗುತ್ತದೆ, ತಗ್ಗಿದ್ದಲ್ಲಿ ಉಳಿದುಬಿಡುತ್ತದೆ. ಕೈಗೆ ಸಿಗದ ತಗ್ಗು ಕಣ್ಣಿಗೆ ಸಿಗುತ್ತದೆ.

ಈಗ ಬಾನೆಟ್ಟಿನ ತುಂಬ ಕಪ್ಪು ಚುಕ್ಕೆಗಳು ಉಳಿದಿದ್ದವು. ಕೆಲವು ಗುಂಡಿಯಷ್ಟು, ಕೆಲವು ಅಕ್ರೋಟಿನಷ್ಟು. ಮೇಲ್ಛಾವಣಿಯಲ್ಲಿ ಇನ್ನೂ ಹೆಚ್ಚು.

ತ್ಸಾನೊ ಕತ್ತು ಚಾಚಿದ. “ಆಲಿಕಲ್ಲು. ಪುಟ್ಟಿ ತುಂಬಿದಾರೆ, ಕುಗ್ಗಿದೆ. ಹೋದ ಜೂನ್‌ದೇ ಇರಬೇಕು. ನಮ್ಮನೆ ಮೇಲೆ ಒಂದು ಹೆಂಚು ಉಳಿಸಲಿಲ್ಲ ಅದು.”

ವೆಲ್ಕೊ ಬಾನೆಟ್ಟಿನ ಅಂಚಿನಲ್ಲಿ ಒಂದು ಜಾಗ ಹಿಡಿದು ತಳ ಕಾಣುವವರೆಗೆ ಉಜ್ಜಿದ. ಮೊದಲು ಬಿಳಿ. ಅದರ ಕೆಳಗೆ ಬೂದು ಪ್ರೈಮರ್. ಅದರ ಕೆಳಗೆ ಹಳದಿ ಮಿಶ್ರಿತ ಪುಟ್ಟಿ. ಎಲ್ಲದರ ಕೆಳಗೆ ಕಾರಿನ ಹುಟ್ಟುಬಣ್ಣ, ಸಾಸಿವೆ ಹಳದಿ.

ಅವನ ಕೈ ನಿಂತಿತು. ಈ ಸಾಸಿವೆ ಬಣ್ಣದ ಕಾರು ಅವನಿಗೆ ಗೊತ್ತಿತ್ತು.

“ಪಕ್ಕದೂರಿನ ಪೋಸ್ಟ್‌ಮ್ಯಾನ್ ಕಾರಿದು,” ಎಂದ. “ಆಲಿಕಲ್ಲು ಬಿದ್ದ ಮಾರನೇ ದಿನ ಠಾಣೆಗೆ ಬಂದಿದ್ದ, ದೂರು ಕೊಡೋಕೆ. ಯಾರ ಮೇಲಪ್ಪಾ ಅಂದರೆ ಬೆರಳನ್ನ ಮೇಲಕ್ಕೆ ತೋರಿಸಿದ. ಗುಳಿಗಳ ಫೋಟೋ ತೆಗೆದವನು ನಾನೇ.”

“ಆರೋಪಿ ಸಿಕ್ಕಿದನಾ?”

“ವಿಳಾಸ ಸಿಗಲಿಲ್ಲ.”

ತ್ಸಾನೊ ಹೊಟ್ಟೆ ಹಿಡಿದು ನಕ್ಕ. ಅಷ್ಟರಲ್ಲಿ ಅವನ ಹೆಂಡತಿ ಹುರುಳಿಕಾಯಿ ಸೂಪು ಆರುತ್ತದೆಂದು ಒಳಗಿನಿಂದ ಕೂಗಿದಳು. ಅವನು ಹೋದ.

ವೆಲ್ಕೊ ಒಬ್ಬನೇ ಉಳಿದ. ಉಜ್ಜಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಬೂದು ಪ್ರೈಮರ್‌ನೊಳಗೆ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದ. ಕೂದಲಿನಷ್ಟು ತೆಳುವಾದ ಉಣ್ಣೆಯ ಎಳೆ. ಕೆಂಪು. ಕೆಂಪಿಗಿಂತ ಸ್ವಲ್ಪ ಗಾಢ. ಪ್ರೈಮರ್ ಕುಡಿದು ಕಪ್ಪಾಗಿರಬೇಕು ಅಂದುಕೊಂಡ. ಒಂದು ಗೇಣು ಆಚೆ ಇನ್ನೊಂದು ಎಳೆ. ಬಿಳಿಯದು.

ಅವನು ನೆಲದ ಮೇಲೆ ಬೋರಲು ಹಾಕಿದ್ದ ಡಬ್ಬಿಯ ಮೇಲೆ ಕುಳಿತುಬಿಟ್ಟ.

ಮಾರ್ಚ್ ಒಂದಕ್ಕೆ ಎಲ್ಲರೂ ಕೈಗೆ ಕೆಂಪು-ಬಿಳಿ ಉಣ್ಣೆಯ ದಾರ ಕಟ್ಟಿಕೊಳ್ಳುತ್ತಾರೆ. ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟುತ್ತಾರೆ. ಬಣ್ಣ ಬಳಿಯುವವರು ಮಾತ್ರ ಸ್ಪ್ರೇ ಗನ್ ಹಿಡಿಯುವ ಮೊದಲು ಅದನ್ನು ತೆಗೆದಿಡುತ್ತಾರೆ. ಉಣ್ಣೆ ಉದುರುತ್ತದೆ, ಹಸಿ ಬಣ್ಣಕ್ಕೆ ಅಂಟಿದರೆ ಕೆಲಸ ಕೆಟ್ಟಿತು. ಜಹಾರಿ ತೆಗೆಯುತ್ತಿರಲಿಲ್ಲ. ಕೊಕ್ಕರೆ ಕಾಣುವ ಮೊದಲು ಬಿಚ್ಚಿದರೆ ಆ ವರ್ಷ ಮನೆ ಸೇರುವುದಿಲ್ಲವೆಂದು ಅವನ ಅಜ್ಜಿ ಹೇಳಿದ್ದಳಂತೆ. ಜಹಾರಿಯ ಮಾರ್ಚ್ ಕಾರುಗಳಿಗೆ ಮೈಮೇಲೆ ಕೂದಲು ಬರುತ್ತದೆ ಎಂದು ಊರೆಲ್ಲ ನಗುತ್ತಿತ್ತು. ಆದರೂ ಕಾರು ತರುತ್ತಿತ್ತು, ಏಕೆಂದರೆ ಅವನಷ್ಟು ನಯವಾಗಿ ಬಳಿಯುವವರು ಬೇರೆ ಇರಲಿಲ್ಲ.

ಉಣ್ಣೆ ಯಾರ ಕೈಯಿಂದಲೂ ಉದುರಬಹುದು. ವೆಲ್ಕೊ ಹಾಗೆಂದು ತನಗೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಎದ್ದು ಕಾರಿನ ಹಿಂಭಾಗಕ್ಕೆ ಹೋದ.

ಪ್ರೈಮರ್ ಒಣಗಿದೆಯೇ ಎಂದು ನೋಡಲು ಜಹಾರಿ ಮುಟ್ಟುತ್ತಿದ್ದದ್ದು ಒಂದೇ ಜಾಗ, ಪೆಟ್ರೋಲ್ ಮುಚ್ಚಳದ ಒಳಮಗ್ಗುಲು. ಅಲ್ಲಿ ಗುರುತು ಬಿದ್ದರೂ ಯಾರೂ ನೋಡುವುದಿಲ್ಲ.

ಮುಚ್ಚಳ ತೆರೆದ. ಒಳಗೆ ಬಿಳಿ ಬಣ್ಣ ಹಾರಿಸಿರಲೇ ಇಲ್ಲ. ಬರೀ ಬೂದು. ಅದರ ನಟ್ಟನಡುವೆ ಒಂದು ಹೆಬ್ಬೆಟ್ಟಿನ ಗುರುತು. ಗೆರೆಗಳು ಸ್ಪಷ್ಟವಾಗಿದ್ದವು. ಗೆರೆಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋದ ಒಂದು ಹಳೆಯ ಗಾಯದ ಕಲೆಯೂ.

ತಗಡು ಕೊಯ್ದು ಆದ ಗಾಯ ಅದು. ಅಂದು ವೆಲ್ಕೊನೇ ಬಟ್ಟೆ ಸುತ್ತಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದ. ಇಬ್ಬರೂ ದಾರಿಯುದ್ದಕ್ಕೂ ನಕ್ಕಿದ್ದರು. ಯಾಕೆ ನಕ್ಕೆವೆಂದು ಈಗ ನೆನಪಿಲ್ಲ.

ಹೆಣ ಹೂತದ್ದು ಏಪ್ರಿಲ್. ಆಲಿಕಲ್ಲು ಬಿದ್ದದ್ದು ಜೂನ್. ಆಲಿಕಲ್ಲಿನ ಗುಳಿಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪ್ರೈಮರ್, ಪ್ರೈಮರ್‌ನ ಮೇಲೆ ಹೂತವನ ಹೆಬ್ಬೆಟ್ಟು.

ಗೆಳೆಯ ಬದುಕಿದ್ದಾನೆ ಎಂಬ ಸಂತೋಷ ಬಂತು. ನಿಜವಾಗಿಯೂ ಬಂತು. ಆದರೆ ಅದರ ಬೆನ್ನಿಗೇ ಇನ್ನೊಂದು ಬಂದು ಅದನ್ನು ತಳ್ಳಿ ಮುಂದೆ ನಿಂತಿತು. ನೆವೆನಾ ಪ್ರತಿ ಭಾನುವಾರ ಪಾತ್ರೆ ಹಿಡಿದು ಬರುತ್ತಿದ್ದಳು, ಉಣ್ಣುತ್ತಿದ್ದಳು, ಪಾತ್ರೆ ತೊಳೆದು ಹೋಗುತ್ತಿದ್ದಳು. ಒಮ್ಮೆ ಚಳಿಗಾಲದಲ್ಲಿ ಕುರ್ಚಿಯಲ್ಲೇ, ಬೂಟು ಕಳಚದೆ, ನಿದ್ದೆ ಹೋಗಿದ್ದಳು. ಸದ್ದಾದೀತೆಂದು ವೆಲ್ಕೊ ಒಲೆಗೆ ಕಟ್ಟಿಗೆ ಕೂಡ ಹಾಕಲಿಲ್ಲ. ಕೋಣೆ ತಣ್ಣಗಾಗುತ್ತಾ ಹೋಯಿತು, ಅವನು ಅವಳ ಉಸಿರು ಕೇಳುತ್ತಾ ಕೂತಿದ್ದ. ಆ ಕುರ್ಚಿಯಲ್ಲಿ ಅವನು ಮತ್ತೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ, ತ್ಸಾನೊನನ್ನೂ.

ಗೇಟಿನ ಬಳಿ ಕಾರಿನ ಹಾರ್ನ್ ಕೇಳಿತು. ವೆಲ್ಕೊ ಮುಚ್ಚಳ ಮುಚ್ಚಿದ.

ಗೆಂಚೊ ಬಂದಿದ್ದ. ಡಿಕ್ಕಿಯ ಕೀಲಿ ಕೊಟ್ಟಿಲ್ಲವೆಂದು ಬೆಳಗ್ಗೆ ವೆಲ್ಕೊನೇ ಫೋನು ಮಾಡಿದ್ದ. ಹಳೇ ಕಾರುಗಳ ದಲ್ಲಾಳಿ ಗೆಂಚೊ ಊರಿಗೆ ಬಂದು ನೆಲೆಸಿದ್ದು ಹೋದ ಶರತ್ಕಾಲದಲ್ಲಿ. ಬಾಯಿತುಂಬ ನಗೆ, ಕುತ್ತಿಗೆಯಲ್ಲಿ ದಪ್ಪ ಸರ. ಅವನ ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಕೂತಿದ್ದ. ಟೋಪಿ ಕಣ್ಣಿನವರೆಗೆ, ದವಡೆಗೆ ಸುತ್ತಿದ ಮಫ್ಲರ್.

“ಅವನ್ಯಾರು?”

“ಭಾವಮೈದುನ ಸಾರ್. ಹಲ್ಲುನೋವು. ಭಾನುವಾರ ಡಾಕ್ಟರ್ ಎಲ್ಲಿ ಸಿಗ್ತಾರೆ? ಒಳಗೆ ಕರೀಬೇಡಿ, ಬಾಯಿ ಮುಕ್ಕಳಿಸ್ತೀನಿ ಅಂತ ನಿಮ್ಮ ರಾಕಿಯಾ ಸಾರಾಯಿ ಪೂರ್ತಿ ಖಾಲಿ ಮಾಡ್ತಾನೆ.”

“ನೀನು ಒಳಗೆ ಬಾ.”

ಶೆಡ್ಡಿನ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ವೆಲ್ಕೊ ಎದುರಿಗೆ ನಿಂತ. “ಈ ಬಣ್ಣ ಬಳಿದವನು ಯಾರು?”

“ಹಳೇ ಮಾಲೀಕ ಬಳಿಸಿರ್ತಾನೆ.”

“ಹಳೇ ಮಾಲೀಕನ ಕಾಲದಲ್ಲಿ ಇದು ಸಾಸಿವೆ ಬಣ್ಣ. ಇನ್ನೊಂದು ಸುಳ್ಳು ಹೇಳಿದರೆ ನಿನ್ನ ಅಂಗಳದಲ್ಲಿರೋ ಒಂದೊಂದು ಕಾರಿನ ಚಾಸಿ ನಂಬರನ್ನೂ ನಾನೇ ಬಂದು ಓದ್ತೀನಿ.”

ಗೆಂಚೊ ಕಾಲಿನಿಂದ ಕಾಲಿಗೆ ಭಾರ ಬದಲಿಸಿದ. “ಹೊಳೆಯಾಚೆ ಒಬ್ಬ ಇದಾನೆ ಸಾರ್. ರುಮೇನಿಯಾ ಕಡೆ. ಒಂದು ಹಂದಿ ಕೊಟ್ಟಿಗೆ, ಅದರಲ್ಲೇ ಇರ್ತಾನೆ, ಅದರಲ್ಲೇ ಬಳೀತಾನೆ.”

“ಹೆಸರು?”

“ಕೇಳಲಿಲ್ಲ. ನಮ್ಮ ಭಾಷೆ ಮಾತಾಡ್ತಾನೆ. ಹೆಚ್ಚು ಮಾತಾಡಲ್ಲ.”

“ಯಾವಾಗ ಬಳಿದ?”

“ಮಾರ್ಚ್‌ನಲ್ಲಿ.”

“ಈ ಮಾರ್ಚ್?”

“ಮತ್ತೆ ಯಾವ ಮಾರ್ಚು ಸಾರ್. ಒಣಗೋಕೂ ಬಿಡದೆ ತಂದೆ.” ಗೆಂಚೊ ನಗಲು ನೋಡಿದ, ಆಗಲಿಲ್ಲ. “ಕೂಲಿ ಬೇಡ ಅಂದ. ನನಗೂ ಆಶ್ಚರ್ಯವೇ. ಒಂದೇ ಮಾತು ಹೇಳಿ ಕಳಿಸಿದ. ಈ ಕಾರನ್ನ ಇನ್‌ಸ್ಪೆಕ್ಟರ್ ವೆಲ್ಕೊಗೆ ಬಿಟ್ಟು ಬೇರೆ ಯಾರಿಗೂ ಕೊಡಬೇಡ ಅಂತ.”

ಹೊರಗೆ ವಿದ್ಯುತ್ ಕಂಬದ ಮೇಲಿನ ಗೂಡಿನಲ್ಲಿ ಕೊಕ್ಕರೆಗಳು ಕೊಕ್ಕು ಕುಟ್ಟತೊಡಗಿದವು.

“ಯಾಕಂತೆ?”

“ಬೇರೆಯವರು ಬಳಿದ ಬಣ್ಣ ನಿಮ್ಮ ಕಣ್ಣಿಗೆ ಹಿಡಿಸಲ್ಲವಂತೆ. ಮನೆಗೆ ಒಯ್ದ ತಕ್ಷಣ ಉಜ್ಜೋಕೆ ಕೂರ್ತೀರಿ ಅಂದ.” ಗೆಂಚೊ ಬಾನೆಟ್ಟಿನ ಕಡೆ ನೋಡಿದ, ಆಮೇಲೆ ವೆಲ್ಕೊನ ಮುಖ. ಈಗ ಅವನ ದನಿಯಲ್ಲಿ ದಲ್ಲಾಳಿ ಇರಲಿಲ್ಲ. “ಉಜ್ಜಿದಿರಿ. ಏನಾದರೂ ಸಿಕ್ಕಿತಾ ಸಾರ್?”

ವೆಲ್ಕೊ ಅವನನ್ನೇ ನೋಡಿದ. ಬಾಯಿಗೆ ಬಂದ ಮಾತು ಬೇರೆ, ಹೊರಬಿದ್ದ ಮಾತು ಬೇರೆ.

“ಏನೂ ಇಲ್ಲ. ಆಲಿಕಲ್ಲಿನ ಗುಳಿ.”

“ಅಷ್ಟೇನಾ?”

“ಕೀಲಿ ಕೊಟ್ಟು ಹೋಗು.”

ಗೆಂಚೊ ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟು ಹೊರಟ. ಪರದೆ ಎತ್ತುವಾಗ ಒಮ್ಮೆ ತಿರುಗಿ ನೋಡಿದ. ತಟ್ಟಿದರೂ ಬಾಗಿಲು ತೆರೆಯದಿದ್ದಾಗ ಜನ ನೋಡುತ್ತಾರಲ್ಲ, ಹಾಗೆ.

ನಾಳೆ ಹೇಳುತ್ತೇನೆ, ವೆಲ್ಕೊ ಅಂದುಕೊಂಡ. ಮೊದಲು ಹೊಳೆ ದಾಟಿ ನೋಡಿ ಬರುತ್ತೇನೆ, ಆಮೇಲೆ ಅವಳಿಗೆ. ಇಲ್ಲ, ಸಮುದ್ರ ನೋಡಿಕೊಂಡು ಬಂದಮೇಲೆ. ಒಂದೇ ಒಂದು ಸಲ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಬಂದಮೇಲೆ. ಹೀಗೆಲ್ಲ ಯೋಚಿಸುತ್ತಲೇ ಅವನು ಪ್ರೈಮರ್ ಡಬ್ಬಿ ತೆರೆದು ಹಾರ್ಡ್ನರ್ ಸುರಿದುಬಿಟ್ಟಿದ್ದ. ಹಾರ್ಡ್ನರ್ ಬಿದ್ದ ಪ್ರೈಮರ್ ಕಾಯುವುದಿಲ್ಲ. ಬಳಿಯಬೇಕು, ಇಲ್ಲವೇ ಅದು ಡಬ್ಬಿಯಲ್ಲೇ ಕಲ್ಲಾಗುತ್ತದೆ.

ಕಾಲುಚೀಲದಲ್ಲಿ ಸೋಸಿ ಗನ್ನಿನ ಬಟ್ಟಲಿಗೆ ತುಂಬುತ್ತಿದ್ದಾಗ ನೆವೆನಾ ಬಂದಳು.

ತಲೆ ಬಗ್ಗಿಸಿಕೊಂಡೇ ಗೇಟಿನಿಂದ ಬಂದಳು. ಈ ವಸಂತವೆಲ್ಲ ಅವಳು ಹಾಗೇ ನಡೆಯುತ್ತಿದ್ದಳು, ನೆಲದಲ್ಲಿ ಏನೋ ಕಳೆದುಕೊಂಡವಳ ಹಾಗೆ. ಟವೆಲಿನಲ್ಲಿ ಸುತ್ತಿದ ಪಾತ್ರೆಯನ್ನು ಬೆಂಚಿನ ಮೇಲಿಟ್ಟಳು. ಒಳಗೆ ಅಕ್ಕಿ ತುಂಬಿ ಬೇಯಿಸಿದ ದೊಣ್ಣೆಮೆಣಸಿನಕಾಯಿ. ಉದ್ದ ತೋಳಿನ ಹಳೆಯ ಗಂಡಸರ ಅಂಗಿ ತೊಟ್ಟಿದ್ದಳು. ಅದು ಯಾರದೆಂದು ವೆಲ್ಕೊ ಕೇಳಬೇಕಿರಲಿಲ್ಲ.

“ಉಂಡು ಬಳೀತೀಯಾ, ಬಳಿದು ಉಣ್ತೀಯಾ?”

“ಹಾರ್ಡ್ನರ್ ಹಾಕಿಬಿಟ್ಟೆ.”

“ಹಾಗಾದರೆ ಗಾಳಿ ಪೈಪು ನಾನು ಹಿಡೀತೀನಿ. ನೀನೊಬ್ಬನೇ ಬಳಿದರೆ ಪೈಪು ಎಳೆದಾಡಿ ಹಸಿ ಬಣ್ಣಕ್ಕೆ ತಾಗಿಸ್ತೀಯ. ಹಿಂದಿನ ಸಲ ಬಾಗಿಲಿನ ಮೇಲೆ ಹಾವು ಹರಿದ ಹಾಗೆ ಮಾಡಿದ್ದೆ.”

“ಹಿಂದಿನ ಸಲ ಪೈಪು ಹಿಡಿದಿದ್ದವನು ಜಹಾರಿ.”

ಹೆಸರು ತಾನಾಗಿ ಬಂದುಬಿಟ್ಟಿತ್ತು. ನೆವೆನಾ ಬಾನೆಟ್ಟಿನ ಬಳಿ ನಿಂತಿದ್ದಳು, ಉಜ್ಜಿ ತೆರೆದ ಆ ಜಾಗದ ಮುಂದೆಯೇ. ಬಿಳಿ, ಬೂದು, ಪುಟ್ಟಿ, ಸಾಸಿವೆ, ಒಂದರೊಳಗೊಂದು ಉಂಗುರ. ಬೆರಳಿನಿಂದ ಬೂದು ಉಂಗುರವನ್ನು ಸವರಿದಳು.

“ಬೆಳಗ್ಗೆಯಿಂದ ಉಜ್ಜಿದೀಯ. ಏನಾದರೂ ಸಿಕ್ಕಿತಾ?”

ಗೆಂಚೊ ಕೇಳಿದ್ದೂ ಇದೇ ಮಾತು. ಅದು ವೆಲ್ಕೊನಿಗೆ ಹೊಳೆಯಲಿಲ್ಲ. ಅವಳ ಕೊರಳ ಮೇಲೆ ಬಿದ್ದ ಒಂದು ಕೂದಲಿನ ಎಳೆಯನ್ನು ನೋಡುತ್ತಾ ನಿಂತಿದ್ದ.

“ಗುಳಿಗಳು,” ಎಂದ. “ಆಲಿಕಲ್ಲಿನದು.”

“ಮತ್ತೆ?”

“ಮತ್ತೇನಿಲ್ಲ.”

ನೆವೆನಾ ಬೆರಳು ಹಿಂದೆ ತೆಗೆದುಕೊಂಡಳು. “ಸರಿ,” ಎಂದಳು. “ಬಳಿ.”

ಅವನು ಕಂಪ್ರೆಸರ್ ಹಾಕಿದ. ಎರಡು ಫ್ರಿಜ್ಜುಗಳೂ ಒಟ್ಟಿಗೆ ಗುಡುಗಿದವು. ಗೆಂಚೊನ ಕಾರು ಹೊರಟ ಸದ್ದು ಕೇಳಿರಲಿಲ್ಲವೆಂದು ಆಗ ನೆನಪಾಯಿತು. ಸೋಸುವ ಗಡಿಬಿಡಿಯಲ್ಲಿ ಕೇಳಿಸದೆ ಹೋಗಿರಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಂಡ.

ಬಾನೆಟ್ಟಿನಿಂದಲೇ ಶುರು ಮಾಡಿದ. ಕೈ ಓಡಲು ಶುರುವಾದ ಮೇಲೆ ಗನ್ನು ಒತ್ತಬೇಕು, ಕೈ ನಿಲ್ಲುವ ಮೊದಲು ಬಿಡಬೇಕು. ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ. ಕೈ ತಾನಾಗಿಯೇ ಜಹಾರಿಯ ಹಾಗೆ ಹೋಯಿತು, ಬೇರೆ ರೀತಿ ಅದಕ್ಕೆ ಗೊತ್ತಿರಲಿಲ್ಲ. ಉಂಗುರಗಳು ಮುಚ್ಚಿದವು. ಕೆಂಪು ಎಳೆ ಮುಚ್ಚಿತು. ಕಪ್ಪು ಚುಕ್ಕೆಗಳೆಲ್ಲ ಹೊಸ ಬೂದು ಬಣ್ಣದೊಳಗೆ ಇಳಿದು ಹೋದವು. ನೆವೆನಾ ಪೈಪನ್ನು ಹೆಗಲ ಮೇಲೆತ್ತಿ ಹಿಡಿದು ಅವನು ಹೋದಲ್ಲೆಲ್ಲ ಹೋದಳು. ಒಂದು ಸಲವೂ ಪೈಪು ಕಾರಿಗೆ ತಾಗಲಿಲ್ಲ. ಹೀಗೇ ಒಂದು ಜನ್ಮ ಕಳೆಯಬಹುದು ಎನ್ನಿಸಿತು ವೆಲ್ಕೊನಿಗೆ, ಈ ಗದ್ದಲದಲ್ಲಿ, ಥಿನ್ನರ್ ವಾಸನೆಯಲ್ಲಿ, ಅವಳು ಬೆನ್ನ ಹಿಂದೆ ಇರುವಾಗ.

ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಉಳಿದ ಜಾಗವೂ ಒಂದೇ.

ಪೆಟ್ರೋಲ್ ಮುಚ್ಚಳದ ಒಳಮಗ್ಗುಲಿಗೆ ಬಳಿಯಬೇಕಾದ ಅಗತ್ಯವೇ ಇರಲಿಲ್ಲ. ಅಲ್ಲಿ ಯಾರು ನೋಡುತ್ತಾರೆ? ಆದರೂ ವೆಲ್ಕೊ ಕಿರುಬೆರಳಿನಿಂದ ಅದನ್ನು ತೆರೆದ. ನೆವೆನಾಗೆ ಕಾಣದಂತೆ ಮೈ ಅಡ್ಡ ಹಿಡಿದ. ಗನ್ನು ಎತ್ತಿದ.

ಅವನ ಮಣಿಕಟ್ಟನ್ನು ಒಂದು ಕೈ ಹಿಡಿಯಿತು.

ಅಂಗಿಯ ತೋಳು ಮೇಲೆ ಸರಿದಿತ್ತು. ಅವಳ ಕೈಯಲ್ಲಿ ಮಾರ್ಚ್ ದಾರ ಇನ್ನೂ ಇತ್ತು. ಕೊಕ್ಕರೆಗಳು ಬಂದು ಗೂಡು ಕಟ್ಟಿ, ಊರಿನ ಕೈಗಳೆಲ್ಲ ಬರಿದಾಗಿ, ಮರಗಳಲ್ಲಿ ದಾರಗಳು ಬಣ್ಣ ಬಿಡುತ್ತಿದ್ದ ಹೊತ್ತಿನಲ್ಲಿ.

ಈ ವರ್ಷ ಕೆಂಪು ಉಣ್ಣೆ ಮುಗಿದು, ನೆವೆನಾ ಅಜ್ಜಿಯ ಶಾಲು ಬಿಚ್ಚಿ ದಾರ ಹೊಸೆದಿದ್ದಳು. ಅವನಿಗೂ ಒಂದು ಕಟ್ಟಿದ್ದಳು. ಕೊಕ್ಕರೆ ಕಂಡ ದಿನ ಅವನು ಅದನ್ನು ಮರಕ್ಕೆ ಕಟ್ಟದೆ ಮೇಜಿನ ಡ್ರಾಯರಿನಲ್ಲಿ ಬಚ್ಚಿಟ್ಟುಕೊಂಡಿದ್ದ. ಅದರ ಬಣ್ಣ ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಕೆಂಪಲ್ಲ. ವೈನ್ ಬಣ್ಣ.

ಪ್ರೈಮರ್‌ನೊಳಗಿನ ಎಳೆ ಕಪ್ಪಾಗಿರಲಿಲ್ಲ. ಅದರ ಬಣ್ಣವೇ ಅದು.

“ಅದೊಂದನ್ನ ಬಿಡು,” ಎಂದಳು ನೆವೆನಾ. ಬಾಗಿ ಕಂಪ್ರೆಸರಿನ ವೈರು ಕಿತ್ತಳು.

ಸದ್ದು ನಿಂತಿತು. ಶೆಡ್ಡಿನಲ್ಲಿ ಬಣ್ಣ ಆವಿಯಾಗುವ ಸಣ್ಣ ಚಿಟಚಿಟ ಮಾತ್ರ.

“ಈ ವರ್ಷ ಎಷ್ಟು ದಾರ ಹೊಸೆದೆ?” ವೆಲ್ಕೊ ಕೇಳಿದ.

“ಮೂರು.”

“ಯಾವಾಗಿಂದ ಗೊತ್ತು?”

“ಫೆಬ್ರವರಿ ಕೊನೆಯಿಂದ. ಗೆಂಚೊ ಬಂದು ಹೇಳಿದ, ಅವನ ಕೈಯಲ್ಲೇ ದಾರ ಕಳಿಸಿದೆ. ಅಲ್ಲಿವರೆಗೂ ಆ ಗೋರಿಗೆ ನಾನು ವೈನ್ ಸುರಿದದ್ದು ನಾಟಕ ಅಲ್ಲ, ವೆಲ್ಕೊ. ಗೇಟಿಗೆ ಅವನ ಫೋಟೋ ಹಾಕಿದ ಸಾವಿನ ಸುದ್ದಿಯ ಹಾಳೆ ಅಂಟಿಸಿ ಅದರ ಮುಂದೆ ದಿನಾ ಓಡಾಡಿದೀನಿ.”

“ನನಗೆ ಹೇಳಬಹುದಿತ್ತು.”

“ನೀನೂ ಹೇಳಬಹುದಿತ್ತು. ಈಗ ತಾನೆ, ಎರಡು ಸಲ ಕೇಳಿದೆ.”

ಅವನು ಗನ್ನನ್ನು ನೆಲಕ್ಕಿಟ್ಟ.

“ಜಹಾರಿ ಸಾಕ್ಷಿ ಹೇಳ್ತಾನೆ ಅನ್ನೋದು ಗೊತ್ತಿದ್ದದ್ದು ನಿನಗೊಬ್ಬನಿಗೆ,” ನೆವೆನಾ ಅಂದಳು. ದನಿ ಏರಿಸಲಿಲ್ಲ. “ಮಾರನೇ ದಿನವೇ ಆ ಗುಂಪಿನವರು ಅವನನ್ನ ಹುಡುಕಿಕೊಂಡು ಬಂದರು. ಹೊಳೆಗೆ ಹಾರಿ ಉಳಿದುಕೊಂಡ. ನೀನೇ ಅವನನ್ನ ಅವರಿಗೆ ಮಾರಿದೆ ಅಂತ ಅವನು. ಇಲ್ಲ ಅಂತ ನಾನು. ಅದಕ್ಕೇ ಈ ಕಾರು. ತಾನು ಬದುಕಿರೋದು ಗೊತ್ತಾದರೆ ನೀನು ಮುಚ್ಚಿಹಾಕ್ತೀಯ ಅಂದ. ಓಡಿ ಬಂದು ನನಗೆ ಹೇಳ್ತೀಯ ಅಂತ ನಾನು ಪಂಥ ಕಟ್ಟಿದೆ.” ಕಿತ್ತ ವೈರನ್ನು ನೆಲಕ್ಕೆ ಬಿಟ್ಟಳು. “ಸೋತೆ.”

“ಅದಕ್ಕಲ್ಲ ನಾನು ಮುಚ್ಚಿದ್ದು.”

“ಮತ್ಯಾಕೆ?”

ಮದುವೆಯ ಮಾತನ್ನು ಮತ್ತೆ ಎತ್ತುವ ಹೊತ್ತು ಇದಾಗಿರಲಿಲ್ಲ. “ನೀನು ಹೊರಟುಹೋಗ್ತೀಯ ಅಂತ,” ಎಂದ.

ನೆವೆನಾ ಅವನನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಾಗುತ್ತಿತ್ತು.

“ಅದು ನನಗೆ ಅರ್ಥ ಆಗುತ್ತೆ. ಅವನಿಗೆ ಆಗಲ್ಲ. ಗೇಟಿನಿಂದ ನೋಡಿದರೆ ನೀನು ಬಳೀತಿರೋದು ಮಾತ್ರ ಕಾಣುತ್ತೆ.”

“ಗೇಟಿನಿಂದ?”

“ನೀನು ನಿಜ ಹೇಳಿದರೆ, ಗೋರಿಯಲ್ಲಿರೋದು ಯಾರು ಅಂತ ನಿನಗೆ ಹೇಳೋಣ ಅಂತಲೇ ಅವನು ಇವತ್ತು ಬಂದಿದ್ದ.”

ಬೀದಿಯಲ್ಲಿ ಒಂದು ಎಂಜಿನ್ ಶುರುವಾಯಿತು.

ವೆಲ್ಕೊ ಪರದೆ ಹರಿದುಕೊಂಡು ಓಡಿದ. ಗೆಂಚೊನ ನೀಲಿ ಕಾರು ಹೊರಟಿತ್ತು. ಹಿಂದಿನ ಗಾಜಿನಲ್ಲಿ ಒಂದು ಮುಖ ತಿರುಗಿತು. ಮಫ್ಲರ್ ಕೆಳಗಿಳಿದಿತ್ತು. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ, ಆದರೂ ಜಹಾರಿಯೇ. ಅವನು ಕೈ ಬೀಸಲಿಲ್ಲ. ಗಾಜಿಗೆ ಅಂಗೈ ಒತ್ತಿದ, ಅಷ್ಟೇ. ಮಣಿಕಟ್ಟಿನಲ್ಲಿ ವೈನ್ ಬಣ್ಣದ ದಾರವಿತ್ತು. ಕಾರು ಮೂಲೆಯಲ್ಲಿ ಸೇತುವೆಯ ಕಡೆ ತಿರುಗಿ ಮರೆಯಾಯಿತು.

ನೆವೆನಾ ಹಿಂದೆ ಬಂದು ನಿಂತಿದ್ದಳು. ತಲೆ ಎತ್ತಿ, ಈ ವಸಂತದಲ್ಲಿ ಮೊದಲ ಸಲ, ಕಂಬದ ಮೇಲಿನ ಗೂಡನ್ನು ನೋಡಿದಳು. ಎರಡು ಕೊಕ್ಕರೆಗಳು ಕತ್ತು ಹಿಂದಕ್ಕೆ ಬಾಗಿಸಿ ಕೊಕ್ಕು ಕುಟ್ಟುತ್ತಿದ್ದವು.

“ಅವನು ಮನೆಗೆ ಬಂದಮೇಲೆ ಇಬ್ಬರೂ ಒಟ್ಟಿಗೆ ಕೊಕ್ಕರೆ ನೋಡೋಣ ಅಂತಿದ್ದೆ,” ಎಂದು ದಾರದ ಗಂಟಿಗೆ ಉಗುರು ಹಾಕಿದಳು. ಗಂಟು ಬಿಗಿದುಹೋಗಿತ್ತು, ಬಿಚ್ಚಲು ಬರಲಿಲ್ಲ.

ವೆಲ್ಕೊ ಸಹಾಯಕ್ಕೆ ಕೈ ಚಾಚಿದವನು ಅರ್ಧಕ್ಕೇ ನಿಂತ.

ನಿನಗೊಬ್ಬನಿಗೆ, ಎಂದಿದ್ದಳು ಅವಳು. ಅದು ನಿಜವಲ್ಲ. ಹೋದ ವರ್ಷ ಫೆಬ್ರವರಿ, ಸಂಜೆ, ಬೇಲಿಯ ಕಂಬದ ಮೇಲೆ ಎರಡು ಗ್ಲಾಸು. ಜಹಾರಿ ಬಾಯಿ ಬಿಡೋಕೆ ಒಪ್ಪಿದ, ದೊಡ್ಡ ಭಾರ ಇಳಿಯಿತು ಅಂತ ತಾನೇ ತ್ಸಾನೊನಿಗೆ ಹೇಳಿದ್ದ. ಅದಕ್ಕೂ ಒಂದು ಗ್ಲಾಸು ಕುಡಿದಿದ್ದರು.

ಅವನು ಬೇಲಿಯ ಕಡೆ ತಿರುಗಿದ. ಬೇಲಿಯ ಬುಡದಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆಗಳು ರಾಶಿ ಬಿದ್ದಿದ್ದವು. ಬೆಳಗ್ಗಿನದಕ್ಕಿಂತ ಎಷ್ಟೋ ದೊಡ್ಡ ರಾಶಿ. ಸೂಪು ಕುಡಿಯಲು ಹೋದವನು ಯಾವಾಗಲೋ ವಾಪಸು ಬಂದು ಇಲ್ಲೇ ನಿಂತಿದ್ದ.

ಈಗ ಇರಲಿಲ್ಲ. ಮನೆಯ ಕಿಟಕಿ ತೆರೆದಿತ್ತು. ತ್ಸಾನೊ ಚಿಕ್ಕಪ್ಪ ಬೆನ್ನು ಹಾಕಿ, ಫೋನು ಕಿವಿಗೆ ಒತ್ತಿಕೊಂಡು ನಿಂತಿದ್ದ. ಕಂಪ್ರೆಸರ್ ನಿಂತಿದ್ದರಿಂದ ಮಾತು ನಿಚ್ಚಳವಾಗಿ ಕೇಳುತ್ತಿತ್ತು.

“ಹೂಂ, ಅವನೇ. ಕಣ್ಣಾರೆ ನೋಡಿದೆ. ನೀಲಿ ಕಾರು, ಹಿಂದಿನ ಸೀಟು. ಸೇತುವೆ ಕಡೆ ಹೋಗ್ತಿದೆ.”